ತಾಯಿಯ ಹೆಸರಿನ ಕಾಲಂ

ಬೆಳಿಗ್ಗೆ ಆರೂವರೆ. ಕೋಡಿಬೆಂಗ್ರೆಯ ಅಳಿವೆಯಲ್ಲಿ
ಇಳಿತ ಮುಗಿದು ಉಬ್ಬರ ಇನ್ನೂ ಮನಸ್ಸು ಮಾಡದ ಹೊತ್ತು.
ನೀಲಿ ಡ್ರಮ್ಮುಗಳ ಮೇಲೆ ಕಟ್ಟಿದ ಹಲಗೆ,
ಹಲಗೆಯ ಮೇಲೊಂದು ಪ್ಲಾಸ್ಟಿಕ್ ಕುರ್ಚಿ,
ಕುರ್ಚಿಯಲ್ಲಿ ಬೆನೆಡಿಕ್ಟಾ ಸಿಸ್ಟರ್,
ಸೀರೆಯ ಮೇಲೆ ಲೈಫ್ ಜಾಕೆಟ್, ಮೂಗಿನ ತುದಿಗೆ ಕನ್ನಡಕ.

ಮೂವತ್ತೊಂದು ವರ್ಷ ಈ ದಡದ ತೊಡೆ ತೋಳುಗಳಿಗೆಲ್ಲ
ಚುಚ್ಚಿದ ಕೈ. ನಿವೃತ್ತಿಯಾಗಿ ಆರು ವರ್ಷ.
"ಮೀನಿಗಾ?" ಎಂದು ನಕ್ಕಿದ್ದರು ನಾವು ಕೇಳಲು ಹೋದಾಗ.
ಆಮೇಲೆ ಕೇಳಿದ್ದು ಒಂದೇ: "ಅಳ್ತದಾ?"
"ಇಲ್ಲ ಸಿಸ್ಟರ್."
"ಹಾಗಾದ್ರೆ ಬರ್ತೇನೆ."

ಬಕೆಟ್ಟಿನಲ್ಲಿ ಲವಂಗದೆಣ್ಣೆ ಕಲಕಿದ ನೀರು.
ಹೊಳೆಯ ನಡುವೆ ಹಲ್ಲಿನ ಡಾಕ್ಟರ ಕೋಣೆಯ ವಾಸನೆ.
ಬೆರಳುದ್ದದ ಕುರುಡಿಗಳು ಇಳಿಯುತ್ತವೆ, ಓಲಾಡುತ್ತವೆ,
ಮಗ್ಗುಲಾಗುತ್ತವೆ, ಮದುವೆಯೂಟ ಮುಗಿಸಿದವರ ಹಾಗೆ.
ಕುರುಡಿ ಅನ್ನುವುದು ಹೆಸರಿಗೆ. ರಾತ್ರಿ ಟಾರ್ಚು ಬಿಟ್ಟರೆ
ಪಂಜರದೊಳಗೆ ಕೆಂಡ ಕೆದರಿದ ಹಾಗೆ ಕಣ್ಣು.

ಹೋದ ವರ್ಷ ಮೊದಲು ಬೆಳ್ಳಗಾದದ್ದು ಆ ಕಣ್ಣುಗಳೇ.
ಹೊಸ ಮಳೆಯ ಕೆಂಪು ನೀರು ಇಳಿದ ಮೂರನೇ ದಿನ
ಹುರುಪೆ ಉದುರಿ ಮೈಯೆಲ್ಲ ಹುಣ್ಣು,
ಐದನೇ ದಿನ ಹೊಟ್ಟೆ ಮೇಲೆ.
ಬ್ಯಾಕ್ಟೀರಿಯಾವಂತೆ. ದುರ್ಬೀನಿನಲ್ಲಿ ನೋಡಿದರೆ
ಅಲ್ಪವಿರಾಮದ ಆಕಾರ, ಎಂದಿದ್ದ ಮಂಗಳೂರಿನಿಂದ ಬಂದ ಹುಡುಗ.
ಎರಡು ಸಾವಿರದ ಮುನ್ನೂರು ಮೀನಿಗೆ ಅದು ಪೂರ್ಣವಿರಾಮ.
ತೆಂಗಿನ ಬುಡದಲ್ಲಿ ಹೊಂಡ ತೋಡಿ ಸುಣ್ಣ ಹಾಕಿ ಮುಚ್ಚಿದೆವು.
ಆ ತೆಂಗು ಈ ವರ್ಷ ನಾಚಿಕೆಯಿಲ್ಲದೆ ಕಾಯಿ ಬಿಟ್ಟಿದೆ.

ಮೀನು ಹಿಡಿದುಕೊಡುವವನು ವಾಮನ ತಿಂಗಳಾಯ.
ಐದು ವರ್ಷದವನಿದ್ದಾಗ ಇವರದೇ ಬಿಳಿ ಸೀರೆ ಕಂಡು
ದೋಣಿಯೊಳಗೆ ಬಲೆರಾಶಿಯಡಿ ಅಡಗಿ, ಅಲ್ಲೇ ನಿದ್ದೆ ಹೋಗಿ,
ದೀಪ ಹಚ್ಚುವವರೆಗೂ ಸಿಗದವನು.
ಈಗ ಅಂಗೈಯಲ್ಲಿ ಮೀನನ್ನು ಅಂಗಾತ ಮಲಗಿಸಿ
"ಹೆದರ್ಬೇಡ ಮಗಾ, ಇರುವೆ ಕಚ್ಚಿದ ಹಾಗೆ" ಅನ್ನುತ್ತಾನೆ.
"ಸುಳ್ಳು ಹೇಳ್ಬೇಡ," ಎಂದರು ಸಿಸ್ಟರ್, "ಅದು ನನ್ನ ಕೆಲಸ."

ಹೊಟ್ಟೆಯ ಈಜುರೆಕ್ಕೆಯ ಪಕ್ಕ, ಸೂಜಿ ಓರೆ, ತಲೆಯ ಕಡೆ ಮುಖ.
ಪೋಲಿಯೋದಷ್ಟೇ, ಎರಡು ಹನಿ.
ಸತ್ತ ರೋಗವನ್ನು ಬದುಕಿದ ಮೈಗೆ ತೋರಿಸಿಡುವುದು:
ನೋಡಿಟ್ಟುಕೋ ಈ ಮುಖ,
ನಾಳೆ ಬಾಗಿಲಿಗೆ ಬರುವವನು ಇವನೇ.

ಲೆಕ್ಕ ಬರೆಯುವುದು ನಾನು. ಸಿಸ್ಟರ್ ತಂದುಕೊಟ್ಟ
ಹಳೆಯ ಲಸಿಕೆ ರಿಜಿಸ್ಟರು, ಅರ್ಧ ಖಾಲಿ.
ಕ್ರಮಸಂಖ್ಯೆ. ದಿನಾಂಕ. ಮಗುವಿನ ಹೆಸರು. ತಾಯಿಯ ಹೆಸರು.
ಎಲ್ಲ ಕಾಲಮ್ಮುಗಳ ಮೇಲೂ ಅಡ್ಡಾದಿಡ್ಡಿ ನನ್ನ ಗೀಟುಗಳು.
ಆರುನೂರರ ಹೊತ್ತಿಗೆ, ಅಭ್ಯಾಸಬಲ,
ತಲೆ ಎತ್ತದೆ ಕೇಳಿಯೇಬಿಟ್ಟರು: "ತಾಯಿ ಹೆಸರು?"
ವಾಮನ ನನ್ನ ಮುಖ ನೋಡಿದ, ನಾನು ನೀರಿನ ಮುಖ.
ಹುಟ್ಟಿದ್ದು ಯಾವುದೋ ಊರಿನ ಸಿಮೆಂಟು ತೊಟ್ಟಿಯಲ್ಲಿ,
ಬಂದದ್ದು ಆಕ್ಸಿಜನ್ ಚೀಲದಲ್ಲಿ, ರಾತ್ರಿ ಬಸ್ಸಿನ ಡಿಕ್ಕಿಯೊಳಗೆ.
ಬರೆದೆ: ಸೀತಾ. ಬಡಗಿನಿಂದ ಬರುವ ಹೊಳೆ.
ಮುಂದಿನ ಪುಟಕ್ಕೆ, ಪಕ್ಷಪಾತ ಬೇಡವೆಂದು, ಸುವರ್ಣಾ.

ಸಾವಿರದ ಹತ್ತಿರ ಯಾವುದೋ ಬೋಟಿನ ಅಲೆ ಬಂದು ಹಲಗೆ ಕುಲುಕಿ
ಸೂಜಿ ಅವರ ಹೆಬ್ಬೆರಳಿಗೇ ಇಳಿಯಿತು.
ರಕ್ತ ಹಿಂಡಿ, ಸ್ಪಿರಿಟ್ಟು ಒತ್ತಿ ಹಿಡಿದು
"ಬರಿ, ನನ್ನದೂ ಒಂದು," ಎಂದರು.
"ತಾಯಿ ಹೆಸರು ಸೆರಾಫಿನಾ."

ಎಚ್ಚರದ ತೊಟ್ಟಿಯಲ್ಲಿ ಒಂದೊಂದಾಗಿ ಕಿವಿರು ತೆರೆದವು.
ಹನ್ನೊಂದು ತೆರೆಯಲಿಲ್ಲ. ಅವನ್ನೂ ಬರೆದೆ.
ಉಳಿದವು ಉಳಿದು ಮಾಡಬೇಕಾದ್ದೇನೆಂದು ಯಾರೂ ಆಡಲಿಲ್ಲ:
ಕಿಲೋ ದಾಟಿದ ಒಂದು ಶನಿವಾರ ಮಲ್ಪೆಯ ಐಸು,
ಭಾನುವಾರ ಯಾರದೋ ಮನೆಯ ಮಣ್ಣಿನ ಪಾತ್ರೆ.
ಸಿಸ್ಟರೂ ಹೇಳಿಟ್ಟಿದ್ದಾರೆ,
ದುಡ್ಡು ಬೇಡ, ಎರಡು ಮೀನು, ತಲೆಸಮೇತ.

ಮದ್ದು ಹಿಡಿಯಿತೋ ಇಲ್ಲವೋ
ಗೊತ್ತಾಗುವುದು ಕೆಂಪು ನೀರು ಬಂದ ಮೇಲೆ.
ಅಲ್ಲಿಯವರೆಗೆ ಉಂಡು ಕೈತೊಳೆದು
ಟಾರ್ಚು ಹಿಡಿದು ಬಗ್ಗುತ್ತೇನೆ.
ಕೆಂಡ ಇದೆ.
ಎಣಿಸಲು ಹೋಗುವುದಿಲ್ಲ.